ಔಷಧ ಯಾರದು? ಸಸ್ಯದೊಳಗಿನ ಶಿಲೀಂಧ್ರಗಳ ಸಂಶೋಧನೆಯಲ್ಲಿ ಸಾಕ್ಷ್ಯದ ಚರಿತ್ರೆ

ಪೀಠಿಕೆ

ಆರೋಗ್ಯವಂತ ಗಿಡಮರಗಳ ಎಲೆ, ತೊಗಟೆ, ಬೇರುಗಳ ಒಳಗೆ ಯಾವ ರೋಗಲಕ್ಷಣವನ್ನೂ ತೋರಗೊಡದೆ ಬದುಕುವ ಶಿಲೀಂಧ್ರಗಳಿವೆ. ಎಂಡೋಫೈಟ್ ಎಂದು ಕರೆಯಲಾಗುವ ಇವು 19ನೇ ಶತಮಾನದಿಂದಲೇ ಸಸ್ಯವಿಜ್ಞಾನಿಗಳಿಗೆ ಪರಿಚಿತ. ಆದರೆ ಔಷಧ ಸಂಶೋಧಕರ ಕಣ್ಣು ಇವುಗಳ ಮೇಲೆ ಬಲವಾಗಿ ಬಿದ್ದದ್ದು 1993ರಲ್ಲಿ. ಅಲ್ಲಿಂದೀಚಿನ ಬರಹಗಳಲ್ಲಿ ಎರಡು ಮಾತುಗಳು ಒಂದರೊಳಗೊಂದು ಬೆರೆತುಹೋಗಿವೆ: ಶಿಲೀಂಧ್ರದಲ್ಲಿ ಔಷಧದ ಅಣು ಸಿಕ್ಕಿತು ಎಂಬುದು ಒಂದು, ಶಿಲೀಂಧ್ರವೇ ಅದನ್ನು ತಯಾರಿಸುತ್ತದೆ ಎಂಬುದು ಇನ್ನೊಂದು. ಮೊದಲನೆಯದನ್ನು ಒಪ್ಪಿದ ಮಾತ್ರಕ್ಕೆ ಎರಡನೆಯದು ಸಾಬೀತಾಗುವುದಿಲ್ಲ. ಈ ಅಂತರವನ್ನು ಟ್ಯಾಕ್ಸಾಲ್ ಮತ್ತು ಕ್ಯಾಂಪ್ಟೊಥೆಸಿನ್ ಎಂಬ ಎರಡು ಕ್ಯಾನ್ಸರ್ ಔಷಧಗಳ ಚರಿತ್ರೆಯಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಟ್ಯಾಕ್ಸಾಲ್: ನಿರೀಕ್ಷೆ ಮತ್ತು ಮರುಪರೀಕ್ಷೆ

ಅಮೆರಿಕದ ಕೃಷಿ ಇಲಾಖೆಯ ಸಸ್ಯವಿಜ್ಞಾನಿ ಆರ್ಥರ್ ಬಾರ್ಕ್ಲೆ 1962ರಲ್ಲಿ ವಾಷಿಂಗ್ಟನ್ ರಾಜ್ಯದ ಕಾಡಿನಿಂದ ಪೆಸಿಫಿಕ್ ಯೂ ಮರದ ತೊಗಟೆಯನ್ನು ಸಂಗ್ರಹಿಸಿದರು. ಮನ್‌ಸುಖ್ ವಾನಿ, ಮನ್ರೋ ವಾಲ್ ಮತ್ತು ಸಂಗಡಿಗರು ಅದರಿಂದ ಬೇರ್ಪಡಿಸಿದ ಟ್ಯಾಕ್ಸಾಲ್‌ನ ರಚನೆಯನ್ನು 1971ರಲ್ಲಿ ಪ್ರಕಟಿಸಿದರು. ಕೋಶ ವಿಭಜನೆಗೆ ಬೇಕಾದ ಸೂಕ್ಷ್ಮನಾಳಗಳನ್ನು ಅದು ಬಿಗಿಯಾಗಿ ಹಿಡಿದಿಡುತ್ತದೆ ಎಂಬುದನ್ನು 1979ರಲ್ಲಿ ಸೂಸನ್ ಹೊರ್ವಿಟ್ಜ್ ತೋರಿಸಿದರು. 1992ರಲ್ಲಿ ಅಂಡಾಶಯದ ಕ್ಯಾನ್ಸರಿಗೆ ಅಮೆರಿಕದಲ್ಲಿ ಅನುಮೋದನೆಯೂ ದೊರೆಯಿತು. ತೊಡಕಿದ್ದದ್ದು ಪೂರೈಕೆಯಲ್ಲಿ. ಒಣ ತೊಗಟೆಯ ತೂಕದಲ್ಲಿ ಟ್ಯಾಕ್ಸಾಲ್‌ನ ಪಾಲು ಶೇ. 0.01ರ ಆಸುಪಾಸು, ನಿಧಾನವಾಗಿ ಬೆಳೆಯುವ ಈ ಮರ ತೊಗಟೆ ಸುಲಿದರೆ ಸಾಯುತ್ತದೆ.

ಇಂಥ ಹೊತ್ತಿನಲ್ಲಿ, 1993ರಲ್ಲಿ, ಮೊಂಟಾನಾದ ಆಂಡ್ರಿಯಾ ಸ್ಟಿಯರ್ಲ್, ಗ್ಯಾರಿ ಸ್ಟ್ರೋಬೆಲ್ ಮತ್ತು ಡೊನಾಲ್ಡ್ ಸ್ಟಿಯರ್ಲ್ ಅವರ ಲೇಖನ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಯೂ ಮರದೊಳಗಿನ ಟ್ಯಾಕ್ಸೊಮೈಸಿಸ್ ಆಂಡ್ರಿಯಾನೆ ಎಂಬ ಶಿಲೀಂಧ್ರ ಮರದ ಹೊರಗೆ, ಪ್ರಯೋಗಾಲಯದ ದ್ರಾವಣದಲ್ಲಿ ಬೆಳೆಸಿದಾಗಲೂ ಟ್ಯಾಕ್ಸಾಲ್ ಕೊಡುತ್ತದೆ ಎಂದು ಅವರು ವರದಿ ಮಾಡಿದರು. ವಿಕಿರಣಶೀಲ ಇಂಗಾಲದಿಂದ ಗುರುತು ಮಾಡಿದ ಫಿನೈಲ್ಅಲನಿನ್ ಟ್ಯಾಕ್ಸಾಲ್‌ನೊಳಗೆ ಸೇರಿದ್ದನ್ನೂ ತೋರಿಸಿದರು. ಸಿಕ್ಕ ಪ್ರಮಾಣ ಮಾತ್ರ ಲೀಟರಿಗೆ ಕೆಲವು ಹತ್ತು ನ್ಯಾನೊಗ್ರಾಂ. ಆದರೂ ಮರ ಕಡಿಯದೆ ಹುದುಗುತೊಟ್ಟಿಯಲ್ಲಿ ಔಷಧ ಬೆಳೆಯಬಹುದೆಂಬ ಆಸೆ ಹಬ್ಬಿತು. ಮುಂದಿನ ವರ್ಷಗಳಲ್ಲಿ ಟ್ಯಾಕ್ಸಾಲ್ ಕೊಡುವ ಶಿಲೀಂಧ್ರಗಳ ವರದಿಗಳು ಸಾಲುಗಟ್ಟಿ ಬಂದವು. ಯೂ ಜಾತಿಗೆ ಏನೂ ಸಂಬಂಧವಿಲ್ಲದ ಬಿಲ್ವಪತ್ರೆಯ ಎಲೆಯೊಳಗಿನ ಶಿಲೀಂಧ್ರವೂ 2008ರಲ್ಲಿ ಪಟ್ಟಿಗೆ ಸೇರಿತು.

2013ರಲ್ಲಿ ಜರ್ಮನಿಯ ಸಂಶೋಧಕರು ಮೂಲ ಶಿಲೀಂಧ್ರವನ್ನೇ ಮರುಪರೀಕ್ಷಿಸಿದರು. ಅದರ ಜೀನೋಮಿನಲ್ಲಿ ಯೂ ಮರದ ಟ್ಯಾಕ್ಸಾಲ್ ವಂಶವಾಹಿಗಳನ್ನು ಹೋಲುವ ಯಾವುದೂ ಕಾಣಲಿಲ್ಲ. ಅದು ಸ್ವತಂತ್ರವಾಗಿ ಟ್ಯಾಕ್ಸಾಲ್ ತಯಾರಿಸುವುದಕ್ಕೆ ಪುರಾವೆಯೂ ಸಿಗಲಿಲ್ಲ. ಅಷ್ಟರಲ್ಲಿ ಪೂರೈಕೆಯ ಸಮಸ್ಯೆಯನ್ನು ಯುರೋಪಿನ ಯೂ ಎಲೆಗಳಿಂದ ಆರಂಭಿಸುವ ಅರೆಸಂಶ್ಲೇಷಣೆ ಮತ್ತು ಸಸ್ಯಕೋಶಗಳ ಕೃಷಿ ಬಗೆಹರಿಸಿದ್ದವು.

ಕ್ಯಾಂಪ್ಟೊಥೆಸಿನ್: ಪಶ್ಚಿಮ ಘಟ್ಟದ ಅಧ್ಯಾಯ

ಕ್ಯಾಂಪ್ಟೊಥೆಸಿನ್ ಅನ್ನು 1966ರಲ್ಲಿ ಚೀನಾ ಮೂಲದ ಕ್ಯಾಂಪ್ಟೊಥೆಕಾ ಮರದಿಂದ ಬೇರ್ಪಡಿಸಿದವರೂ ವಾಲ್ ಮತ್ತು ವಾನಿ ತಂಡದವರೇ. ಪಶ್ಚಿಮ ಘಟ್ಟದ ನೊಥಪೊಡೈಟಿಸ್ ಮರದಲ್ಲೂ ಅದು ಹೇರಳವಾಗಿದೆ ಎಂದು 1972ರಲ್ಲಿ ಟಿ.ಆರ್. ಗೋವಿಂದಾಚಾರಿ ಮತ್ತು ಎನ್. ವಿಶ್ವನಾಥನ್ ತಿಳಿಸಿದರು. ಅದರಿಂದ ರೂಪಿಸಿದ ಟೊಪೊಟೆಕಾನ್, ಇರಿನೊಟೆಕಾನ್ ಔಷಧಗಳು 1996ರಲ್ಲಿ ಅಮೆರಿಕದ ಅನುಮೋದನೆ ಪಡೆದವು. ಬೇಡಿಕೆ ಏರಿದಂತೆ ಘಟ್ಟದ ಮರಗಳಿಗೆ ಕೊಡಲಿ ಬಿತ್ತು.

ಈ ಮರದಿಂದ ಪಡೆದ ಶಿಲೀಂಧ್ರವೊಂದು ಕ್ಯಾಂಪ್ಟೊಥೆಸಿನ್ ತಯಾರಿಸುತ್ತದೆ ಎಂದು 2005ರಲ್ಲಿ ಜಮ್ಮುವಿನ ಪ್ರಯೋಗಾಲಯ ವರದಿ ಮಾಡಿತು. 2010ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಆರ್. ಉಮಾಶಂಕರ್ ಅವರ ತಂಡ, ಘಟ್ಟದ ಇನ್ನೊಂದು ಮರವಾದ ಅಪೊಡೈಟಿಸ್‌ನೊಳಗಿನ ಫ್ಯುಸೇರಿಯಂ ಸೊಲಾನಿಯಲ್ಲಿ ಕ್ಯಾಂಪ್ಟೊಥೆಸಿನ್ ಮತ್ತು ಅದರ ಎರಡು ಸಂಬಂಧಿ ಅಣುಗಳನ್ನು ಗುರುತಿಸಿತು.

ಇಂಥ ಶಿಲೀಂಧ್ರಗಳ ಒಂದು ವಿಚಿತ್ರ ಬೇಗನೆ ಬಯಲಾಯಿತು. ಒಂದು ತಟ್ಟೆಯಿಂದ ಮತ್ತೊಂದಕ್ಕೆ ದಾಟಿಸುತ್ತ ಹೋದಂತೆ ಔಷಧದ ಪ್ರಮಾಣ ಕುಸಿಯುತ್ತದೆ. ಸೌವಿಕ್ ಕುಸಾರಿ ಮತ್ತು ಮೈಕೆಲ್ ಸ್ಪಿಟೆಲರ್ ಅವರ ತಂಡ 2011ರಲ್ಲಿ ಇದಕ್ಕೆ ವಿವರಣೆ ಕೊಟ್ಟಿತು. ಕ್ಯಾಂಪ್ಟೊಥೆಕಾದ ಶಿಲೀಂಧ್ರದಲ್ಲಿ ಆರಂಭದ ಹಂತಗಳ ವಂಶವಾಹಿಗಳಿವೆ. ಹಾದಿಯ ನಡುವಿನ ಅಣುವಾದ ಸ್ಟ್ರಿಕ್ಟೊಸಿಡಿನ್ ಕಟ್ಟುವ ಕಿಣ್ವ ಮಾತ್ರ ಮರದಿಂದಲೇ ಬರಬೇಕು. ಏಳನೇ ಪೀಳಿಗೆಯ ಹೊತ್ತಿಗೆ ಉಳಿದ ವಂಶವಾಹಿಗಳಲ್ಲೂ ಮಾರ್ಪಾಡು ಸೇರಿಕೊಂಡಿರುತ್ತದೆ ಎಂದಿತು. ಆದರೆ 2016ರ ಅಧ್ಯಯನವೊಂದು ಕ್ಯಾಂಪ್ಟೊಥೆಕಾ ಮರವೇ ಸ್ಟ್ರಿಕ್ಟೊಸಿಡಿನ್‌ನ ಬದಲು ಸ್ಟ್ರಿಕ್ಟೊಸಿಡಿನಿಕ್ ಆಮ್ಲದ ಹಾದಿ ಹಿಡಿಯುತ್ತದೆ ಎಂದು ತೋರಿಸಿತು. ಹಾಗಿದ್ದರೆ ಮರ–ಶಿಲೀಂಧ್ರ ಹಂಚಿಕೊಂಡ ಹಾದಿಯ ಆ ವಿವರಣೆಯನ್ನೂ ಮರಳಿ ನೋಡಬೇಕಾಗುತ್ತದೆ.

ಸಾಬೀತಾದ ಒಂದು ನಿದರ್ಶನ

ಸಾಕ್ಷ್ಯ ಹೇಗಿರಬೇಕೆಂಬುದಕ್ಕೆ ಗೆಣಸಿನ ಕುಲದ ಬಳ್ಳಿಗಳು ಒಳ್ಳೆಯ ಉದಾಹರಣೆ. ಎರ್ಗಾಟ್ ಎಂಬ ಶಿಲೀಂಧ್ರಕ್ಕೆ ವಿಶಿಷ್ಟವೆಂದು ತಿಳಿದಿದ್ದ ಆಲ್ಕಲಾಯ್ಡುಗಳು ಮೆಕ್ಸಿಕೊದ ಇಂಥ ಬಳ್ಳಿಯ ಬೀಜದಲ್ಲಿವೆ ಎಂದು ಆಲ್ಬರ್ಟ್ ಹಾಫ್‌ಮನ್ 1960ರಲ್ಲಿ ಹೇಳಿದಾಗ, ಅವರ ಮಾದರಿಗಳೇ ಕಲುಷಿತವಾಗಿರಬೇಕೆಂದು ಕೆಲವರು ಶಂಕಿಸಿದರು. 2004ರಲ್ಲಿ ಐಪೊಮಿಯ ಬಳ್ಳಿಯೊಂದಕ್ಕೆ ಶಿಲೀಂಧ್ರನಾಶಕ ಹಾಕಿದಾಗ ಶಿಲೀಂಧ್ರದ ಜೊತೆಗೇ ಆಲ್ಕಲಾಯ್ಡುಗಳೂ ಮಾಯವಾದವು. ತಯಾರಿಕೆಯ ವಂಶವಾಹಿ ಬಳ್ಳಿಯದಲ್ಲ, ಅದರ ಎಲೆಯ ಮೇಲಿರುವ ಶಿಲೀಂಧ್ರದ್ದು ಎಂಬುದು 2008ರಲ್ಲಿ ಖಚಿತವಾಯಿತು. 2011ರಲ್ಲಿ ಅದಕ್ಕೆ ಪೆರಿಗ್ಲಾಂಡ್ಯುಲ ಎಂಬ ಹೆಸರು ಬಂತು. ಇದು ಎಲೆಯ ಹೊರಮೈಯ ಸಹವಾಸಿಯಾದರೂ ಪರೀಕ್ಷೆಯ ಕ್ರಮ ಎಂಡೋಫೈಟ್‌ಗಳಿಗೂ ಸಲ್ಲುತ್ತದೆ: ಸಹವಾಸಿಯನ್ನು ತೆಗೆದು ನೋಡುವುದು, ಆಮೇಲೆ ವಂಶವಾಹಿ ಯಾರದೆಂದು ಪತ್ತೆಹಚ್ಚುವುದು.

ಸಮಾರೋಪ

ಟ್ಯಾಕ್ಸಾಲ್ ಮತ್ತು ಕ್ಯಾಂಪ್ಟೊಥೆಸಿನ್‌ನ ಬಹುಪಾಲು ವರದಿಗಳು ನಿಂತಿರುವುದು ಅಣುವನ್ನು ಗುರುತಿಸುವ ಉಪಕರಣಗಳ ಆಧಾರದ ಮೇಲೆ. ನ್ಯಾನೊಗ್ರಾಂ ಮಟ್ಟದಲ್ಲಿ, ಮರದ ಅಂಗಾಂಶದೊಡನೆ ಬಂದ ಉಳಿಕೆಗೂ ಶಿಲೀಂಧ್ರದ ಸ್ವಂತ ತಯಾರಿಕೆಗೂ ವ್ಯತ್ಯಾಸ ಹೇಳಲು ಉಪಕರಣವೊಂದೇ ಸಾಲದು. ಹಲವು ಪೀಳಿಗೆ ದಾಟಿದ ಮೇಲೂ ಇಳುವರಿ ನಿಲ್ಲಬೇಕು. ತಯಾರಿಕೆಯ ವಂಶವಾಹಿಗಳು ಶಿಲೀಂಧ್ರದಲ್ಲೇ ಸಿಗಬೇಕು. ಅವನ್ನು ಬೇರೊಂದು ಜೀವಿಗೆ ಸೇರಿಸಿದಾಗಲೂ ಅಣು ಹುಟ್ಟಬೇಕು. ಈ ಮೂರನ್ನೂ ದಾಟಿದ ಶಿಲೀಂಧ್ರ ದೊರೆಯುವ ತನಕ ನೊಥಪೊಡೈಟಿಸ್‌ನಂಥ ಮರಗಳ ಮೇಲಿನ ಒತ್ತಡ ಪ್ರಯೋಗಾಲಯದಿಂದ ತಗ್ಗುತ್ತದೆಂದು ನಂಬಿ ಕೂರಲಾಗದು. ಅವುಗಳ ರಕ್ಷಣೆ ಮತ್ತು ನೆಡುತೋಪುಗಳ ಕೆಲಸ ಈಗಲೇ ನಡೆಯಬೇಕು. ಮರ ಅಳಿದರೆ ಪ್ರಶ್ನೆಗೆ ಉತ್ತರ ಕೊಡಬಲ್ಲ ಶಿಲೀಂಧ್ರವೂ ಅದರೊಡನೆ ಅಳಿಯಬಹುದು.