ತಾಲೂಕಿನ ಸರಾಸರಿಯಲ್ಲಿ ಕಾಣದ ಹೆಂಗಸರು

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದಾಗಲೆಲ್ಲ ಕಲಬುರಗಿ ಜಿಲ್ಲೆ ಬೈಗುಳ ತಿನ್ನುತ್ತದೆ. 2025ರಲ್ಲಿ ಶೇ. 42.43 ಪಡೆದು ರಾಜ್ಯದಲ್ಲೇ ಕೊನೆಗೆ ಬಿದ್ದಾಗ, ಆ ಕಡೆಯ ಜನಕ್ಕೆ ಓದಿನ ಹಂಬಲವೇ ಇಲ್ಲ ಎಂಬ ಮಾತು ಮತ್ತೆ ಕೇಳಿಬಂತು. ಬಡತನ, ಶಾಲೆ, ಹೆಣ್ಣಿನ ದುಡಿಮೆ ಒಂದಕ್ಕೊಂದು ಹೇಗೆ ಹೆಣೆದುಕೊಂಡಿವೆ ಎಂದು ಅರ್ಥಶಾಸ್ತ್ರಜ್ಞರು ದಶಕಗಳಿಂದ ಬಿಡಿಸಿ ತೋರಿಸುತ್ತಿದ್ದಾರೆ. ಅದನ್ನು ಓದಿದವರು ಹೀಗೆ ಮಾತಾಡಲಾರರು.

ಹಳೆಯದನ್ನು ಬೇಗ ಹೇಳಿಬಿಡುತ್ತೇನೆ. ಎಸ್. ಕೇಶವ ಅಯ್ಯಂಗಾರ್ 1929-30ರಲ್ಲೂ 1949-51ರಲ್ಲೂ, ಆಗ ಕಲಬುರಗಿಯೂ ಸೇರಿದ್ದ ಹೈದರಾಬಾದ್ ಸಂಸ್ಥಾನದ ಹಳ್ಳಿಗಳ ಆರ್ಥಿಕ ತನಿಖೆ ನಡೆಸಿದರು. ಏಕೀಕರಣದ ನಂತರ ಬಡತನದ ಲೆಕ್ಕ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಕೈಗೆ ಹೋಯಿತು. ಅದು ಕಲಬುರಗಿಯನ್ನು ಬೆಳಗಾವಿ, ಧಾರವಾಡಗಳ ಜೊತೆ ಸೇರಿಸಿ ‘ಉತ್ತರ ಒಳನಾಡು’ ಎಂಬ ಒಂದೇ ವಲಯ ಮಾಡಿತ್ತು. ಮಲಪ್ರಭೆಯ ನೀರಾವರಿಗೂ ಚಿಂಚೋಳಿಯ ತಾಂಡಾಗಳ ಒಣಭೂಮಿಗೂ ಒಂದೇ ಸರಾಸರಿ! 1981ರ ಧರಂ ಸಿಂಗ್ ಸಮಿತಿಯ ವರದಿ ಹೈದರಾಬಾದ್ ಕರ್ನಾಟಕವನ್ನು ಪ್ರತ್ಯೇಕವಾಗಿ ನೋಡಿತು.

ಅದೇ ಹೊತ್ತಿಗೆ ಬೇರೊಂದು ದಾರಿ ತೆರೆಯುತ್ತಿತ್ತು. ಮೈಸೂರಿನಲ್ಲಿ ಹುಟ್ಟಿದ ದೇವಕಿ ಜೈನ್ ಎಪ್ಪತ್ತರ ದಶಕದಲ್ಲೇ ರಾಜಸ್ಥಾನ, ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ಹೆಂಗಸರ ದಿನವನ್ನು ಗಂಟೆ ಗಂಟೆಯಾಗಿ ಅಳೆದು, ‘ಕೆಲಸವಿಲ್ಲದವರು’ ಎಂದು ದಾಖಲಾದವರು ಎಷ್ಟು ದುಡಿಯುತ್ತಾರೆಂದು ತೋರಿಸಿದರು. 1984ರ ಆಗಸ್ಟಿನಲ್ಲಿ ಬಡದೇಶಗಳ ಸ್ತ್ರೀವಾದಿ ಚಿಂತಕಿಯರು ಬೆಂಗಳೂರಿನಲ್ಲಿ ಸೇರಿ ‘ಡಾನ್’ ಎಂಬ ಜಾಲ ಕಟ್ಟಿದರು. ಪ್ರಪಂಚವೇ ಗಮನಿಸಿದ ಆ ಚರ್ಚೆ ಬೆಂಗಳೂರಿನಿಂದ ಕಲಬುರಗಿ ಜಿಲ್ಲೆಯ ವಾಡಿ ಜಂಕ್ಷನ್‌ಗೆ ಬರಲು ಬಹಳ ವರ್ಷ ಹಿಡಿಯಿತು.

ನಮ್ಮ ತಲೆಮಾರಿನ ಮುಖ್ಯ ಗ್ರಂಥ, ಪ್ರಾದೇಶಿಕ ಅಸಮತೋಲನ ಕುರಿತ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯ 2002ರ ವರದಿ. 35 ಸೂಚಕಗಳನ್ನಿಟ್ಟು, ರಾಜ್ಯದ ಸರಾಸರಿಯನ್ನು ಒಂದು ಎಂದು ಹಿಡಿದು, ಅದು ಪ್ರತಿ ತಾಲೂಕನ್ನೂ ತೂಗಿತು. 114 ತಾಲೂಕುಗಳು ಹಿಂದುಳಿದವು ಎಂದಾಯಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ಚಿಂಚೋಳಿ ಮೂರೂ ಆ 39ರಲ್ಲಿದ್ದವು. ಮಳಖೇಡದಲ್ಲೂ ಸೇಡಂನಲ್ಲೂ ದೊಡ್ಡ ಸಿಮೆಂಟ್ ಕಾರ್ಖಾನೆಗಳಿದ್ದವು, ವಾಡಿಯಲ್ಲಿ ಅರವತ್ತರ ದಶಕದಿಂದಲೇ ಎಸಿಸಿ ಇತ್ತು, ಶಹಾಬಾದಿನ ಪರ್ಸಿ ಕಲ್ಲು ದೇಶದ ಅಂಗಳಗಳಿಗೆಲ್ಲ ಹೋಗುತ್ತಿತ್ತು. ಆದರೂ ಈ ಫಲಿತಾಂಶ. ಜಿಲ್ಲಾ ಆದಾಯದ ಲೆಕ್ಕದಲ್ಲಿ ಉತ್ಪಾದನೆ ನಡೆದ ಸ್ಥಳಕ್ಕೇ ಆದಾಯ ಬರೆಯುತ್ತಾರೆ. ಲಾಭ ಯಾವ ಊರಿಗೆ ಹೋಯಿತೆಂದು ಕೇಳುವುದಿಲ್ಲ. ನಂಜುಂಡಪ್ಪನವರ ತಾಲೂಕುವಾರು ತೂಕ, ಕಾರ್ಖಾನೆ ಇದ್ದಲ್ಲಿ ಜನರೂ ಸುಖವಾಗಿದ್ದಾರೆ ಎಂಬ ಭ್ರಮೆಯನ್ನು ಒಡೆಯಿತು.

ಇದೇ ಕಾಲದಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಟಿ. ಆರ್. ಚಂದ್ರಶೇಖರ ಅವರು ಮಾನವ ಅಭಿವೃದ್ಧಿ, ಲಿಂಗಸಂಬಂಧ, ಪ್ರಾದೇಶಿಕ ಅಸಮಾನತೆಯ ಬಗ್ಗೆ ಕನ್ನಡದಲ್ಲೇ ಬರೆದರು. ನನ್ನ ಮಟ್ಟಿಗೆ ಇದು ಬಡತನದ ಬಗ್ಗೆ ನಡೆದು ನೊಬೆಲ್ ಪಡೆದ ಪ್ರಯೋಗಗಳಿಗಿಂತ ಕಡಿಮೆಯ ಕೆಲಸವಲ್ಲ. ಪಂಚಾಯತ್ ಸದಸ್ಯೆಯೂ ಓದಬಲ್ಲ ಅರ್ಥಶಾಸ್ತ್ರ ಅದರಿಂದ ಹುಟ್ಟಿತು. 2005ರ ರಾಜ್ಯ ಮಾನವ ಅಭಿವೃದ್ಧಿ ವರದಿಯಲ್ಲಿ ಗುಲಬರ್ಗಾ (ಈಗಿನ ಕಲಬುರಗಿ) 27 ಜಿಲ್ಲೆಗಳಲ್ಲಿ 26ನೆಯದು. 2011ರ ಜನಗಣತಿಯಲ್ಲಿ ಜಿಲ್ಲೆಯ ಗಂಡಸರ ಸಾಕ್ಷರತೆ ಶೇ. 74ರಷ್ಟಿದ್ದರೆ ಹೆಂಗಸರದು ಶೇ. 55.

ಆದರೆ ತಾಲೂಕಿನ ಕೆಳಗೆ ನಮ್ಮ ಕಣ್ಣು ಇನ್ನೂ ಇಳಿದಿಲ್ಲ. 2018ರ ತನಕ ಶಹಾಬಾದ್ ಚಿತ್ತಾಪುರ ತಾಲೂಕಿನೊಳಗೇ ಇತ್ತು. ವಾಡಿ ಈಗಲೂ ಅದರೊಳಗೇ ಇದೆ. ಕಾರ್ಖಾನೆಯ ಕಾಲೊನಿ, ಗಣಿಯ ಅಂಚಿನ ಗುಡಿಸಲು, ತೊಗರಿ ಹೊಲದ ಹಳ್ಳಿ ಎಲ್ಲ ಒಂದೇ ಅಂಕಿಯಲ್ಲಿ ಸೇರಿಹೋಗುತ್ತವೆ. ಹೆಂಗಸರ ದುಡಿಮೆಯೂ ಅದರಲ್ಲೇ ಮರೆಯಾಗುತ್ತದೆ.

ಸಮೀಕ್ಷೆಯ ಹಾಳೆ ಹಿಡಿದು ಹೊಸಿಲ ಮುಂದೆ ನಿಂತವರಿಗೆಲ್ಲ ಈ ಮಾತು ಗೊತ್ತು. “ಏನ್ ಕೆಲಸ ಮಾಡ್ತೀರಿ ಅಕ್ಕಾ?” ಎಂದರೆ, “ಏನಿಲ್ರಿ, ಮನ್ಯಾಗ ಇರ್ತೀನ್ರಿ.” ಆಕೆ ಅದೇ ತಾನೇ ತೊಗರಿಯಲ್ಲಿ ಕಸ ತೆಗೆದು ಬಂದಿರುತ್ತಾಳೆ, ಉಗುರಲ್ಲಿ ಎರೆಮಣ್ಣು ಇನ್ನೂ ಇರುತ್ತದೆ. ಹಾಳೆಯಲ್ಲಿ ‘ಮನೆಗೆಲಸ’ ಎಂದೇ ಬೀಳುತ್ತದೆ. ಜೂನ್‌ನಲ್ಲಿ ಬಿತ್ತಿದ ತೊಗರಿಗೆ ಜುಲೈ-ಆಗಸ್ಟಿನಲ್ಲಿ ಕಳೆ ತೆಗೆಯಬೇಕು, ಡಿಸೆಂಬರ್-ಜನವರಿಯಲ್ಲಿ ರಾಶಿ. ತಾಯಿ ಹೊಲಕ್ಕೆ ಹೋದ ದಿನ ಹಿರಿ ಮಗಳು ಕೂಸು ನೋಡಿಕೊಳ್ಳಲು ಮನೆಯಲ್ಲಿ ಉಳಿಯುತ್ತಾಳೆ. ರಾಶಿ ಮುಗಿದರೆ ಪುಣೆ, ಮುಂಬೈ, ಹೈದರಾಬಾದಿಗೆ ಗುಳೆ. ಮಾರ್ಚ್‌ನ ಪರೀಕ್ಷೆಗೆ ಆ ಹುಡುಗಿ ಹೇಗೆ ಸಿದ್ಧಳಾಗಬೇಕು? ಇದನ್ನು ಓದಿನ ಹಂಬಲದ ಕೊರತೆ ಎನ್ನುವುದು ಅನ್ಯಾಯ.

ಇಂಥ ದುಡಿಮೆಯನ್ನು ಗಂಟೆಗಳಲ್ಲಿ ಅಳೆಯುವ 1998-99ರ ಪ್ರಾಯೋಗಿಕ ಸಮಯ ಬಳಕೆ ಸಮೀಕ್ಷೆ ಆರು ರಾಜ್ಯಗಳಲ್ಲಿ ನಡೆಯಿತು, ಕರ್ನಾಟಕ ಅದರಲ್ಲಿರಲಿಲ್ಲ. 2019ರಲ್ಲಿ ದೇಶವ್ಯಾಪಿ ಸಮೀಕ್ಷೆ ಬಂದಾಗ ಅಂಕಿಗಳು ರಾಜ್ಯದ ಮಟ್ಟಕ್ಕೆ ನಿಂತವು. ಹುಡುಗಿಯರ ಓದಿನ ಲೆಕ್ಕವೂ ಹೀಗೆಯೇ ಕೈತಪ್ಪಿತು. ಶಾಲೆಗಳಲ್ಲಿ ಅಕ್ಷರ ದಾಸೋಹದ ಬಿಸಿಯೂಟ 2002ರ ಜೂನ್‌ನಲ್ಲಿ ಮೊದಲು ಶುರುವಾದದ್ದು ರಾಜ್ಯದ ಈಶಾನ್ಯದ ಏಳು ಜಿಲ್ಲೆಗಳಲ್ಲಿ. ಉಳಿದೆಡೆಗೆ ಅದು ಆಮೇಲೆ ಹೋಯಿತು. ಊಟದಿಂದ ಹೆಣ್ಣುಮಕ್ಕಳ ಹಾಜರಿ ಎಷ್ಟು ಬದಲಾಯಿತೆಂದು ಹೋಲಿಸಲು ಅಂಥ ಅವಕಾಶ ಇನ್ನೊಮ್ಮೆ ಸಿಗದು. ನಾವು ಅದನ್ನು ಬಳಸಿಕೊಂಡದ್ದು ಕಡಿಮೆ.

2024ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅಧ್ಯಕ್ಷತೆಯಲ್ಲಿ ಪ್ರಾದೇಶಿಕ ಅಸಮತೋಲನ ಕುರಿತು ಹೊಸ ಸಮಿತಿ ರಚನೆಯಾಯಿತು. ಸಮಿತಿಗಳು ಇರುವ ಅಂಕಿಗಳನ್ನು ತೂಗಬಲ್ಲವು. ಇಲ್ಲದ ಅಂಕಿಗಳನ್ನು ಹುಟ್ಟಿಸುವುದು ವಿಶ್ವವಿದ್ಯಾಲಯಗಳ ಕೆಲಸ. ಗುಲಬರ್ಗಾ ವಿಶ್ವವಿದ್ಯಾಲಯವೂ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯವೂ ಕೂಡಿ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳಲ್ಲಿ ಕೆಲವು ನೂರು ಮನೆಗಳನ್ನು ಆರಿಸಿಕೊಳ್ಳಲಿ. ಬಿತ್ತನೆ, ಕಳೆ, ರಾಶಿ, ಗುಳೆ ನಾಲ್ಕೂ ಕಾಲದಲ್ಲಿ ಅದೇ ಮನೆಗಳಿಗೆ ಹತ್ತು ವರ್ಷ ಹೋಗಲಿ, ಹೆಂಗಸರನ್ನೇ ಕೇಳಲಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದಕ್ಕೆ ಹಣ ತೆಗೆದಿಡಬೇಕು.