ಶರೀಫಜ್ಜ ಯಾವ ಡಿಪಾರ್ಟ್‌ಮೆಂಟು?

ಶಿಗ್ಗಾಂವಿ ತಾಲೂಕಿನ ಶಿಶುನಾಳದ ಶರೀಫಜ್ಜ (1819–1889) ಹುಟ್ಟಿನಿಂದ ಮುಸಲ್ಮಾನರು, ಗುರು ಕಳಸದ ಗೋವಿಂದ ಭಟ್ಟರು. ಅವರ ತತ್ವಪದಗಳನ್ನು ಅಭ್ಯಾಸ ಮಾಡುವ ಹುಡುಗ ಕನ್ನಡ ವಿಭಾಗಕ್ಕೆ ಹೋಗಬೇಕೋ, ಸಂಗೀತಕ್ಕೋ, ಇತಿಹಾಸಕ್ಕೋ? ಪದ ಸಿಕ್ಕರೆ ಧಾಟಿ ಸಿಗಲ್ಲ, ಧಾಟಿ ಸಿಕ್ಕರೆ ಕಾಲ ಸಿಗಲ್ಲ...

ಧಾರವಾಡ, ಮೈಸೂರುಗಳಲ್ಲಿ ಜಾನಪದ ಎಂ.ಎ. ಬೆಳೆದದ್ದು ಕನ್ನಡ ಅಧ್ಯಯನ ಸಂಸ್ಥೆಗಳ ಒಳಗೆ. 2011ರಲ್ಲಿ ಶರೀಫಜ್ಜನ ತಾಲೂಕಿನ ಗೊಟಗೋಡಿಯಲ್ಲೇ ಜಾನಪದಕ್ಕೆ ಪ್ರತ್ಯೇಕ ವಿಶ್ವವಿದ್ಯಾಲಯ ಬಂತು. ಹಾಡು, ಆಟ, ಕಸುಬು, ನಾಟಿ ಮದ್ದು ಎಲ್ಲಾ ಒಂದೇ ಸೂರಿನಡಿ.

"ಇದನ್ನ ಓದಿದ್ರೆ ನೌಕರಿ ಸಿಗ್ತದೇನು?" ಅಂತ ಕೇಳುವವರಿದ್ದಾರೆ. ನೌಕರಿಗೆ ನಮ್ಮ ಇಂಜಿನಿಯರಿಂಗ್ ಇದೆ ಬಿಡಿ. ಆದರೆ ಹಾನಗಲ್ಲ, ಸವಣೂರ, ಹಿರೇಕೆರೂರ ಕಡೆ ಬೀಸುವ ಪದ, ಸೋಬಾನ ಪದ ಬಲ್ಲ ಅಜ್ಜಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ನಾವು ಬರೆಯುವ ಕೋಡಿಗಾದರೂ ಬ್ಯಾಕಪ್ ಇರುತ್ತದೆ. ಅವರ ಪದಗಳನ್ನು ಕೂತು ಕೇಳಿ ಬರೆದಿಡುವವರು ಬೇಕು.