ಸೆಂಟ್ಸ್: ಒಂದು ಅಳತೆಯ ಶಬ್ದ ಮತ್ತು ಕಾಸರಗೋಡಿನ ನೆಲ

ನಾನು ಇವತ್ತು ಮಾತಾಡುವುದು ಒಂದೇ ಒಂದು ಶಬ್ದದ ಬಗ್ಗೆ: 'ಸೆಂಟ್ಸ್'. ಕಾಸರಗೋಡಿನಲ್ಲಿ ಜಾಗದ ಮಾತು ಬಂದರೆ "ಎಷ್ಟು ಸೆಂಟ್ಸ್ ಉಂಟು?" ಅಂತಲೇ ಕೇಳುವುದು. ಈ ಶಬ್ದದಿಂದ ನಮ್ಮ ಊರಿನ ಚರಿತ್ರೆಯ ಬಗ್ಗೆ ಏನು ಹೇಳಬಹುದು, ಏನು ಹೇಳಲಿಕ್ಕಾಗದು ಎಂಬುದು ನನ್ನ ವಿಷಯ.

ಮೊದಲು ಲೆಕ್ಕ ನೋಡೋಣ. ಎಕರೆಯ ನೂರನೆಯ ಒಂದು ಭಾಗ ಒಂದು ಸೆಂಟ್ಸ್, ಅಂದರೆ 435.6 ಚದರ ಅಡಿ. ಇಂಗ್ಲೆಂಡಿನ ಗಣಿತಜ್ಞ ಎಡ್ಮಂಡ್ ಗುಂಟರ್ 17ನೆಯ ಶತಮಾನದಲ್ಲಿ 66 ಅಡಿ ಉದ್ದದ, 100 ಕೊಂಡಿಗಳ ಸರ್ವೆ ಸರಪಳಿಯನ್ನು ಬಳಕೆಗೆ ತಂದ. ಆ ಸರಪಳಿಯಷ್ಟು ಉದ್ದ, ಅಷ್ಟೇ ಅಗಲದ ನೆಲ ಸರಿಯಾಗಿ ಹತ್ತು ಸೆಂಟ್ಸ್ ಆಗುತ್ತದೆ. ಆದರೆ ಇಂಗ್ಲೆಂಡಿನಲ್ಲಿ ಎಕರೆಯ ಕೆಳಗಿನ ರೂಢಿಯ ಅಳತೆಗಳು ರೂಡ್ ಮತ್ತು ಪರ್ಚ್. ಸೆಂಟ್ಸ್ ಬೇರೂರಿದ್ದು ದಕ್ಷಿಣ ಭಾರತದಲ್ಲಿ, ಅದರಲ್ಲೂ ಮದ್ರಾಸ್ ಪ್ರಾಂತ್ಯದಲ್ಲಿ. ಹೆಸರು ಬ್ರಿಟಿಷರದ್ದಾದರೂ ಬಾಳಿದ್ದು ನಮ್ಮಲ್ಲಿ.

ಬಾಳಿದ ರೀತಿಯೂ ಗಮನಿಸಬೇಕಾದ್ದು. ಇಂಗ್ಲಿಷಿನ ಬಹುವಚನ ಕನ್ನಡದಲ್ಲಿ ಏಕವಚನವೂ ಆಯಿತು. ನಾವು "ಒಂದು ಸೆಂಟ್ಸ್", "ಸೆಂಟ್ಸಿಗೆ ಎಷ್ಟು ರೇಟು" ಅನ್ನುತ್ತೇವೆ. ಆಡುಮಾತಿನಲ್ಲಿ ಅದು 'ಸೆನ್ಸ್' ಆಗುವುದೂ ಉಂಟು. ಮಲಯಾಳದಲ್ಲಿ ಹತ್ತಾದರೂ 'ಪತ್ತ್ ಸೆಂಟ್'. ಒಂದೇ ಸರಪಳಿಯ ಶಬ್ದವನ್ನು ಎರಡು ಭಾಷೆಗಳು ತಮ್ಮ ತಮ್ಮ ಬಾಯಿಗೆ ಹೊಂದಿಸಿಕೊಂಡವು.

ಸರಪಳಿ ಬರುವ ಮೊದಲು ಇಲ್ಲಿ ಗದ್ದೆಯನ್ನು ಮುಡಿಯ ಲೆಕ್ಕದಲ್ಲಿ ಹೇಳುತ್ತಿದ್ದರು. ಮುಡಿ ಅಂದರೆ ಬೈಹುಲ್ಲಿನಲ್ಲಿ ಕಟ್ಟಿದ ಅಕ್ಕಿ ಅಥವಾ ಬೀಜದ ಭತ್ತ. ಎಷ್ಟು ಮುಡಿ ಬೀಜ ಬಿತ್ತಬಹುದು, ಎಷ್ಟು ಮುಡಿ ಗೇಣಿ ಬರುತ್ತದೆ ಎಂಬುದರಲ್ಲಿ ನೆಲದ ಗಾತ್ರವೂ ಗುಣವೂ ಒಟ್ಟಿಗೇ ಇದ್ದವು. ನೀರು ನಿಲ್ಲುವ ಬೈಲು, ಅದರ ಮೇಲಿನ ಮಜಲು, ಮಳೆಯನ್ನೇ ನಂಬಿದ ಬೆಟ್ಟು ಎಂಬ ವಿಂಗಡಣೆಯೂ ಇತ್ತು. ಸೆಂಟ್ಸಿಗೆ ಈ ಭೇದ ಇಲ್ಲ. ಬೈಲಿನ ಹತ್ತು ಸೆಂಟ್ಸೂ ಪಾರೆಯ ಹತ್ತು ಸೆಂಟ್ಸೂ ಅದಕ್ಕೆ ಒಂದೇ.

ಇನ್ನು ಭೂಪಟಕ್ಕೆ ಬರೋಣ. 1799ರಲ್ಲಿ ಟಿಪ್ಪು ಸುಲ್ತಾನ್ ಸತ್ತ ಮೇಲೆ ಕೆನರಾ ಇಡಿಯಾಗಿ ಕಂಪೆನಿಯ ಕೈಗೆ ಬಂತು. ಥಾಮಸ್ ಮನ್ರೋ ಇಲ್ಲಿನ ಮೊದಲ ಕಲೆಕ್ಟರ್. 1862ರಲ್ಲಿ ಉತ್ತರ ಕೆನರಾ ಬೊಂಬಾಯಿ ಪ್ರಾಂತ್ಯಕ್ಕೆ ಹೋಯಿತು, ಕಾಸರಗೋಡು ಸೇರಿದ ದಕ್ಷಿಣ ಕೆನರಾ ಮದ್ರಾಸಿನಲ್ಲೇ ಉಳಿಯಿತು. ಬೊಂಬಾಯಿಯ ಕ್ರಮದಲ್ಲಿ ಎಕರೆಗೆ 40 ಗುಂಟೆ. ಮೈಸೂರು ಸರ್ವೆಯೂ ಅದನ್ನೇ ಅನುಸರಿಸಿತು. ಹಾಗಾಗಿ ಇವತ್ತಿಗೂ ಶಿರಸಿಯ ಕನ್ನಡಿಗ ಗುಂಟೆ ಅನ್ನುತ್ತಾನೆ, ಪುತ್ತೂರಿನ ಕನ್ನಡಿಗ ಸೆಂಟ್ಸ್ ಅನ್ನುತ್ತಾನೆ. 1953ರವರೆಗೆ ಮದ್ರಾಸಿನಲ್ಲಿದ್ದ ಬಳ್ಳಾರಿಯಲ್ಲೂ ಸೆಂಟ್ಸೇ. ಒಂದು ಗುಂಟೆ ಎರಡೂವರೆ ಸೆಂಟ್ಸಿಗೆ ಸಮ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ, ಮಂಗಳೂರು ಮೈಸೂರು ರಾಜ್ಯಕ್ಕೆ ಸೇರಿದವು. ಗಡಿಯ ಎರಡೂ ಕಡೆ ಸೆಂಟ್ಸ್ ಕದಲಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಮೆಟ್ರಿಕ್ ಅಳತೆಯ ಕಾನೂನೂ ಬಂತು. ಆದರೂ ಕೇರಳದ ಭೂಸುಧಾರಣೆ ಕಾನೂನು ಗುಡಿಸಲು ಕಟ್ಟಿಕೊಂಡಿದ್ದ ಕುಡಿಕಿಡಪ್ಪುಕಾರರಿಗೆ ಪಂಚಾಯತ್ ಪ್ರದೇಶದಲ್ಲಿ ನಿಗದಿ ಮಾಡಿದ್ದು 10 ಸೆಂಟ್ಸ್. ತೆರಿಗೆ ಲೆಕ್ಕಕ್ಕೆಂದು ಬಂದ ಶಬ್ದ ಬಡವರ ಬಾಯಲ್ಲಿ ಹಕ್ಕಿನ ಶಬ್ದವಾಯಿತು. ಈಗ ದಾಖಲೆಯಲ್ಲಿ 'ಆರ್' ಬರುತ್ತದೆ. ಒಂದು ಆರ್ ಅಂದರೆ 2.47 ಸೆಂಟ್ಸ್. ಜನ ಅದನ್ನು ಸೆಂಟ್ಸಿಗೆ ತಿರುಗಿಸಿಕೊಂಡೇ ಅರ್ಥ ಮಾಡಿಕೊಳ್ಳುತ್ತಾರೆ.

ಇದರಿಂದ ನಾನು ಹೇಳಬಯಸುವುದು ಇಷ್ಟು. ಅಳತೆಯ ಶಬ್ದ ಕಚೇರಿಯ ಹಿಂದೆ ಹೋಗುತ್ತದೆ, ತಾಯ್ನುಡಿಯ ಹಿಂದೆ ಅಲ್ಲ. ಕಾಸರಗೋಡು ಯಾರದ್ದು ಎಂಬ ಚರ್ಚೆಯಲ್ಲಿ ಎರಡೂ ಕಡೆಯವರು ಶಬ್ದಗಳನ್ನು ಸಾಕ್ಷಿಗೆ ಕರೆಯುವುದುಂಟು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು ಶಿಫಾರಸು ಮಾಡಿದ್ದನ್ನು ನಾವು ಮರೆತಿಲ್ಲ. ಆದರೆ ಸೆಂಟ್ಸ್ ಯಾರ ಪರವಾಗಿಯೂ ಸಾಕ್ಷಿ ಹೇಳದು. ಅದು ಹೇಳುವುದು ಮದ್ರಾಸಿನ ಸರಪಳಿ ಎಲ್ಲೆಲ್ಲಿ ಎಳೆಯಿತು ಅಂತ ಮಾತ್ರ.

ಹಾಗಾದರೆ ಭಾಷೆ ಎಲ್ಲಿದೆ? ಹಳೆಯ ಕನ್ನಡ ದಸ್ತಾವೇಜಿನಲ್ಲಿ ಅಂಕಿಯ ಪಕ್ಕದಲ್ಲಿ ಬರುವ ಚೆಕ್ಕುಬಂದಿಯಲ್ಲಿದೆ. ಮೂಡಲಿಗೆ ತೋಡು, ತೆಂಕಲಿಗೆ ಕಟ್ಟಪುಣಿ, ಪಡುವಲಿಗೆ ಇಂಥವರ ಬೈಲು ಎಂದು ಬರೆದ ಸಾಲುಗಳಲ್ಲಿದೆ. ಸೆಂಟ್ಸಿನ ಅಂಕಿಯನ್ನು ಯಾವ ಮಾಧ್ಯಮದಲ್ಲಿ ಕಲಿತ ಮಗುವೂ ಓದಬಹುದು. ಈ ಸಾಲುಗಳನ್ನು ಓದಲು ಕನ್ನಡ ಗೊತ್ತಿರಬೇಕು. ಎಷ್ಟು ಜಾಗ ಅಂತ ಅಂಕಿ ಹೇಳುತ್ತದೆ, ಯಾವ ಜಾಗ ಅಂತ ಹೇಳುವುದು ಈ ಸಾಲುಗಳೇ. ತರವಾಡು ಪಾಲಾಗಿ ಜಮೀನು ತುಂಡು ತುಂಡಾಗುವಾಗ ತಕರಾರು ಏಳುವುದೂ ಹೆಚ್ಚಾಗಿ ಅಲ್ಲೇ.

ಆದ್ದರಿಂದ ಕನ್ನಡ ವಿದ್ಯಾರ್ಥಿಗಳಾದ ನಮಗೆ ಇಲ್ಲಿ ಕೆಲಸ ಉಂಟು. ಮನೆಮನೆಯ ಪೆಟ್ಟಿಗೆಗಳಲ್ಲಿರುವ ಹಳೆಯ ಕಾಗದಪತ್ರಗಳನ್ನು ಒಡೆಯರ ಒಪ್ಪಿಗೆ ಪಡೆದು ಓದಿ, ಅಂಕಿಯ ಸುತ್ತ ಇರುವ ಈ ಶಬ್ದಗಳ ಪಟ್ಟಿ ಮಾಡಬೇಕು. ಸೆಂಟ್ಸ್ ಹೇಗೂ ಉಳಿಯುತ್ತದೆ, ಅದನ್ನು ನಾವು ಕಾಯಬೇಕಾಗಿಲ್ಲ. ನಮ್ಮ ಗಮನ ಬೇಕಾದ್ದು ಕಟ್ಟಪುಣಿಗೆ.